ಜ್ವರಕ್ಕೆ ಕೊಟ್ಟ ಕೊಲೆಸ್ಟ್ರಾಲ್ ಗುಳಿಗೆ

ಬೈಲಹೊಂಗಲದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿದ್ದೆ. ಕೆಲಸಕ್ಕೆ ಸೇರಿ ನಾಲ್ಕನೆಯ ವರ್ಷ ನಡೆದಾಗ ಒಂದು ದಿನ ಡಾಕ್ಟರು ನನ್ನನ್ನು ಒಳಗೆ ಕರೆದು, ನಾಳೆಯಿಂದ ವಾರ್ಡಿನ ಕೆಲಸ ಬಿಟ್ಟು ಹೊಸದಾಗಿ ಬಂದಿರುವ ಔಷಧ ಪರೀಕ್ಷೆಯ ಕೆಲಸ ನೋಡಿಕೋ ಎಂದರು. ನನಗಿಂತ ಹೆಚ್ಚು ಓದಿದ, ಇಂಗ್ಲಿಷ್ ಚೆನ್ನಾಗಿ ಬರುವ ಇಬ್ಬರು ನರ್ಸುಗಳು ಅಲ್ಲಿದ್ದರು. ಅವರನ್ನು ಬಿಟ್ಟು ನಾನೇ ಯಾಕೆ ಎಂದು ಕೇಳಿದೆ.

"ನೀ ಆಡೋ ಮಾತು ಮಂದಿಗೆ ತಿಳೀತದ," ಎಂದರು. "ಮತ್ತ ಮಂದಿ ನಿನ್ನ ನಂಬ್ತಾರ."

ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡೆ. ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಅವ್ವ ಸರಕಾರಿ ದವಾಖಾನೆಯಲ್ಲಿ ಕಸ ಗುಡಿಸುತ್ತ, ಹೆರಿಗೆ ಕೋಣೆ ತೊಳೆಯುತ್ತ ವಯಸ್ಸು ಕಳೆದವಳು. ಮಗಳ ಕೊರಳಿಗೆ ಫೋಟೋ ಇರುವ ಕಾರ್ಡು ಬರುತ್ತದೆಂದು ಕೇಳಿ, ಗೋಡೆಯ ಮೇಲಿನ ಬುದ್ಧನ ಪಟಕ್ಕೆ ಹೂವು ಏರಿಸಿದಳು. ಓಣಿಯವರಿಗೆಲ್ಲ, "ನಮ್ಮಾಕಿ ಈಗ ಸೂಜಿ ಮಾಡಾಕಿ ಅಲ್ರಿ, ಔಷಧ ಕಂಡುಹಿಡಿಯಾಕಿ," ಎಂದು ಹೇಳಿಕೊಂಡು ಬಂದಳು.

ಪರೀಕ್ಷೆಯ ವಿಷಯ ಹೀಗಿತ್ತು. ಫ್ಲೂ ಜ್ವರ ಹಿಡಿದವರಲ್ಲಿ ಬಹಳ ಮಂದಿ ವಾರದಲ್ಲಿ ಎದ್ದು ಓಡಾಡುತ್ತಾರೆ. ಕೆಲವರಿಗೆ ಮಾತ್ರ ಅದು ಎದೆಗಿಳಿದು ಜೀವಕ್ಕೇ ಬರುತ್ತದೆ. ಅಂಥವರನ್ನು ಕೆಡಿಸುವುದು ವೈರಸ್ ಒಂದೇ ಅಲ್ಲ, ಅದರ ಮೇಲೆ ಕಾದಾಡಲು ಹೋಗಿ ಹತೋಟಿ ತಪ್ಪಿದ ಅವರದೇ ಮೈಯ ಉರಿಯೂತ ಕೂಡ. ರಕ್ತದಲ್ಲಿನ ಕೊಲೆಸ್ಟ್ರಾಲ್ ಇಳಿಸಲು ಎಷ್ಟೋ ವರ್ಷಗಳಿಂದ ಕೊಡುತ್ತಿರುವ ಗುಳಿಗೆಗೆ ಆ ಉರಿಯೂತ ತಣಿಸುವ ಗುಣವೂ ಇರಬಹುದು ಎಂದು ಕೆಲವರ ಊಹೆ. ಅದು ನಿಜವೋ ಸುಳ್ಳೋ ನೋಡಬೇಕಿತ್ತು. ಡಾಕ್ಟರ ಹಿರಿಯರು ಕಿತ್ತೂರಿನ ಕಡೆ ಪುರಾಣ ಹೇಳಿಕೊಂಡಿದ್ದವರಂತೆ; ಇವರಿಗೂ ಆ ಕಲೆ ಇತ್ತು. ಎಂಥ ಕಠಿಣ ವಿಷಯವನ್ನೂ ಕಥೆಯ ಹಾಗೆ ಹೇಳುತ್ತಿದ್ದರು.

"ಹಳೇ ಗುಳಿಗಿ, ಸೋವಿ ಗುಳಿಗಿ. ಯಾವ ಅಂಗಡಿಯೊಳಗೂ ಸಿಗ್ತದ," ಎಂದರು. "ಇದು ಫ್ಲೂಕ್ಕ ನಾಟ್ತದ ಅಂತ ಗೊತ್ತಾತಂದ್ರ, ಬೆಳಗಾವಿ ಮುಟ್ಟಲಿಕ್ಕೆ ಆಗದ ಮನಷ್ಯಾನೂ ಉಳೀತಾನ. ಕಟಕೋಳದಂಥಾ ಹಳ್ಳಿಯೊಳಗ ಇದ್ದವನೂ ಉಳೀತಾನ."

ನಾನು ನಂಬಿದೆ. ಅವರೂ ನಂಬಿದ್ದರು ಎಂದು ಇವತ್ತಿಗೂ ಅನಿಸುತ್ತದೆ.

ಫ್ಲೂ ಎಂದು ಖಾತ್ರಿಯಾಗಿ ದಾಖಲಾದವರಿಗೆ ಮಾಮೂಲಿ ಔಷಧವನ್ನಂತೂ ಕೊಡಲೇಬೇಕು. ಅದರ ಜೊತೆಗೆ ಹದಿನಾಲ್ಕು ದಿನ, ದಿನಕ್ಕೊಂದು ಹೆಚ್ಚಿನ ಗುಳಿಗೆ. ಅರ್ಧ ಜನರ ಡಬ್ಬಿಯಲ್ಲಿ ಕೊಲೆಸ್ಟ್ರಾಲಿನ ನಿಜವಾದ ಗುಳಿಗೆ, ಉಳಿದರ್ಧ ಜನರ ಡಬ್ಬಿಯಲ್ಲಿ ನೋಡಲು ಅದರಂತೆಯೇ ಇರುವ, ಒಳಗೆ ಔಷಧವೇ ಇಲ್ಲದ ಗುಳಿಗೆ. ಯಾರ ಡಬ್ಬಿಯಲ್ಲಿ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಒಪ್ಪಿಗೆ ಪತ್ರ ಹನ್ನೊಂದು ಪುಟದ್ದು, ಪರೀಕ್ಷೆ ನಡೆಸುತ್ತಿದ್ದ ಬೆಂಗಳೂರಿನ ಸಂಸ್ಥೆಯಿಂದಲೇ ಅಚ್ಚಾಗಿ ಬಂದದ್ದು. ಔಷಧವಿಲ್ಲದ ಗುಳಿಗೆಗೆ ಅದರಲ್ಲಿ "ನಿಷ್ಕ್ರಿಯ ಹೋಲಿಕಾ ಪದಾರ್ಥ" ಎಂದಿತ್ತು. ನಾಲ್ಕು ಸಲ ಓದಿದ ಮೇಲಷ್ಟೇ ನನಗೂ ಅದು ಏನೆಂದು ತಿಳಿಯಿತು.

ಮೊದಲ ರೋಗಿ ಕಿತ್ತೂರಿನ ಒಬ್ಬ ಗವಂಡಿ, ಮನೆ ಕಟ್ಟುವವನು. ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು, ಪತ್ರ ಮಡಿಲಲ್ಲಿಟ್ಟು, ನನ್ನ ಮಾತಿನಲ್ಲೇ ಹೇಳಿದೆ: "ಕಾಕಾ, ನಿಮಗ ಔಷಧದ ಗುಳಿಗಿ ಬರಬಹುದು, ಇಲ್ಲಾ ಖಾಲಿ ಗುಳಿಗಿ ಬರಬಹುದು."

ಅವನು ಕೆಮ್ಮುತ್ತಲೇ ನಕ್ಕ. "ಖಾಲಿ ಗುಳಿಗಿ ನುಂಗಾಕ ಇಲ್ಲಿ ತನಕ ಬರಬೇಕಿತ್ತೇನವಾ? ಮನ್ಯಾಗ ಹಿಟ್ಟ ಇತ್ತಲ್ಲ."

ಸಹಿ ಮಾಡಲಿಲ್ಲ. ಎರಡನೆಯವರೂ ಮಾಡಲಿಲ್ಲ, ಮೂರನೆಯವರೂ ಮಾಡಲಿಲ್ಲ. ಆಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು.

"ಖಾಲಿ ಅನ್ನಬ್ಯಾಡ. ಆ ಶಬ್ದ ಕೇಳಿದ ಕೂಡ್ಲೆ ಮಂದಿ ಹೆದರ್ತಾರ. ಎರಡು ನಮೂನಿ ಗುಳಿಗಿ ಅವ, ಅದರಾಗ ಒಂದು ಬರ್ತದ ಅನ್ನು. ಉಳಿದದ್ದು ಕಾಗದದೊಳಗ ಬರದೇ ಅದಲ್ಲ."

ಬರೆದಿತ್ತು ನಿಜ. ಏಳನೆಯ ಪುಟದಲ್ಲಿ, ಯಾರಿಗೂ ತಿಳಿಯದ ಆ ಮೂರು ಶಬ್ದಗಳಲ್ಲಿ. ಅವತ್ತಿನಿಂದ ನಾನು "ಎರಡ ನಮೂನಿ" ಎನ್ನತೊಡಗಿದೆ. ಜನ ಸಹಿ ಮಾಡತೊಡಗಿದರು. ಸಹಿ ಬರದವರು ಹೆಬ್ಬೆಟ್ಟು ಒತ್ತಿದರು. ನನ್ನ ಕೆಲಸ ಬಹಳ ಚಲೋ ನಡೆದಿದೆ ಎಂದು ಬೆಂಗಳೂರಿನಿಂದ ಹೊಗಳಿಕೆಯ ಮಾತೂ ಬಂತು.

ಸವದತ್ತಿಯ ಆ ಹೆಂಗಸು ಬಂದದ್ದು ಇದೇ ಹೊತ್ತಿನಲ್ಲಿ. ನಲವತ್ತರ ಆಸುಪಾಸು ವಯಸ್ಸು. ಮನೆಯ ಪಡಸಾಲೆಯಲ್ಲಿ ಹೊಲಿಗೆ ಮಶೀನು ಇಟ್ಟುಕೊಂಡು ಕುಪ್ಪಸ ಹೊಲಿಯುವವಳು. ಗಂಡನದು ಅದೇ ಓಣಿಯಲ್ಲಿ ಹಿಟ್ಟಿನ ಗಿರಣಿ. ಅವಳನ್ನು ನಮ್ಮಲ್ಲಿಗೆ ತಂದಾಗ ಜ್ವರ ಏರಿ ಮಾತು ತೊದಲುತ್ತಿತ್ತು. ಗಂಡ ಗಿರಣಿ ಬಂದ್ ಮಾಡಿ ಹಾಗೇ ಬಂದಿದ್ದರಿಂದ ಅವನ ಹುಬ್ಬಿನ ಮೇಲೆಲ್ಲ ಹಿಟ್ಟಿತ್ತು. ಮರುದಿನ ಜ್ವರ ಸ್ವಲ್ಪ ಇಳಿದ ಮೇಲೆ ನಾನು ಪತ್ರ ಹಿಡಿದು ಅವಳ ಪಕ್ಕ ಕುಳಿತೆ. ಅವಳು ಪತ್ರ ನೋಡಲೇ ಇಲ್ಲ, ನನ್ನ ಕುಪ್ಪಸದ ತೋಳು ನೋಡಿದಳು.

"ಯಾರ ಹೊಲದಾರ ತಂಗಿ ಇದನ್ನ? ಬಗಲಾಗ ಬಿಗಿ ಹಿಡದೈತಿ ನೋಡು. ಕೈ ಮ್ಯಾಲ ಎತ್ತಾಕ ಆಗೂದಿಲ್ಲ ನಿನಗ."

ನಿಜವೇ ಆಗಿತ್ತು. ಇಬ್ಬರೂ ನಕ್ಕೆವು. ಆಮೇಲೆ ನಾನು ಪರೀಕ್ಷೆಯ ವಿಷಯ ಹೇಳಿದೆ: ಎರಡು ನಮೂನೆ, ಹದಿನಾಲ್ಕು ದಿನ, ನಡುವೆ ನಾನೇ ಮನೆಗೆ ಬಂದು ನೋಡುತ್ತೇನೆ, ಬೇಡವೆನಿಸಿದರೆ ಯಾವಾಗಲಾದರೂ ಬಿಡಬಹುದು.

"ನೀ ನುಂಗು ಅಂತಿಯೇನು?" ಎಂದು ಕೇಳಿದಳು.

"ಮತ್ತೊಬ್ಬರಿಗೂ ಉಪಯೋಗ ಆಗತೈತಿ ಅಕ್ಕಾ," ಎಂದೆ. ಅವಳು ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಅವಳು ಪೆನ್ನು ತೆಗೆದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ, ಬಟ್ಟೆಗೆ ಟಾಕಿ ಹಾಕಿದ ಹಾಗೆ ತನ್ನ ಹೆಸರು ಬರೆದಳು.

ಐದನೆಯ ದಿನ ಮನೆಗೆ ಹೋದಳು. ಏಳನೆಯ ದಿನ ನಾನು ಬಸ್ಸಿನಲ್ಲಿ ಸವದತ್ತಿಗೆ ಹೋದೆ. ಜ್ವರ ಪೂರ್ತಿ ಬಿಟ್ಟಿತ್ತು. ಮುಖಕ್ಕೆ ಕಳೆ ಬಂದಿತ್ತು. ಆದರೆ ಮಶೀನಿನ ಮೇಲೆ ಅರ್ಧ ಹೊಲಿದ ಹಸಿರು ಕುಪ್ಪಸ ಹಾಗೇ ಬಿದ್ದಿತ್ತು, ಅವಳು ಗೋಡೆಗೆ ಒರಗಿ ಕಾಲು ಚಾಚಿಕೊಂಡು ಕುಳಿತಿದ್ದಳು.

"ತೊಡಿ ಹಿಡಕೊಂಡಾವ ತಂಗಿ. ನಿನ್ನೆ ಮುಂಜಾನಿಂದ. ಮಶೀನ ತುಳ್ಯಾಕ ಕಾಲ ಏಳವಲ್ದು. ಕುಂತಾಕಿ ಎದ್ದ ನಿಲ್ಲಾಕ ಗ್ವಾಡಿ ಹಿಡೀಬೇಕು."

"ಜ್ವರ ಇದ್ದಾಗ ಹಿಂಗ ಇತ್ತೇನ್ರಿ?"

"ಅವಾಗ ಮೈ ಎಲ್ಲಾ ನೋಯ್ತಿತ್ತು. ಅದು ಹ್ವಾತು. ಇದು ಬ್ಯಾರೆ. ಇದು ಬರೇ ತೊಡಿ."

ಕೊಲೆಸ್ಟ್ರಾಲಿನ ಗುಳಿಗೆ ತೆಗೆದುಕೊಳ್ಳುವ ಕೆಲವರಿಗೆ ಮಾಂಸಖಂಡ ನೋಯುವುದುಂಟು. ಅಪರೂಪಕ್ಕೆ ಖಂಡವೇ ಒಡೆದು ಅದರ ಕಸ ರಕ್ತದಲ್ಲಿ ಸೇರಿ ಮೂತ್ರಪಿಂಡ ಕೆಡಿಸುತ್ತದೆ. ಇದನ್ನು ನನಗೆ ತರಬೇತಿಯಲ್ಲಿ ಕಲಿಸಿದ್ದರು. ಹೊಸದಾಗಿ ಖಂಡದ ನೋವು ಕಂಡರೆ ಅವತ್ತೇ ಗುಳಿಗೆ ನಿಲ್ಲಿಸಬೇಕು, ಅವತ್ತೇ ರಕ್ತ ತೆಗೆದು ಪರೀಕ್ಷೆಗೆ ಕಳಿಸಬೇಕು, ಮೇಲಿನವರಿಗೆ ವರದಿ ಬರೆಯಬೇಕು. ಸೂಜಿ, ಟ್ಯೂಬು ಎರಡೂ ನನ್ನ ಚೀಲದಲ್ಲಿದ್ದವು. ಆದರೆ ಡಾಕ್ಟರನ್ನು ಕೇಳದೆ ನಾನು ಏನೂ ಮಾಡುವ ಹಾಗಿರಲಿಲ್ಲ. ಪಡಸಾಲೆಯ ಬಾಗಿಲಲ್ಲಿ ನಿಂತು ಫೋನು ಹಚ್ಚಿದೆ.

ನಾನು ಹೇಳಿದ್ದನ್ನು ಅವರು ಅರ್ಧಕ್ಕೇ ತಡೆದರು. "ಫ್ಲೂ ಬಂದಾಕಿಗೆ ಮೈನೋವು ಇರಲಾರದ ಇರ್ತದೇನು? ನಾಳೆ ಬೆಂಗಳೂರಿಂದ ತಪಾಸಣಾ ಮಾಡವರು ಬರ್ತಾರ. ಇವತ್ತ ನೀ ಹೊಸಾ ತಕರಾರ ಬರದ್ರ ಅವರು ಎರಡು ದಿನ ಇಲ್ಲೇ ಕೂಡ್ತಾರ. ಜ್ವರದ ಮೈನೋವು, ಮೊದಲಿನಿಂದ ಅದ ಅಂತ ಬರಿ."

"ಸರ, ಆಕಿ ಇದು ಬ್ಯಾರೆ ಅನ್ನಾಕತ್ತಾಳ್ರಿ."

"ಡಾಕ್ಟರ್ ಆಕಿಯೋ, ನಾನೋ?"

ನಾನು ಬರೆದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. "ಜ್ವರದ ಮೈನೋವು, ಮುಂದುವರಿದಿದೆ" ಎಂದು ಬರೆದು ಕೆಳಗೆ ನನ್ನ ಸಹಿ ಹಾಕಿದೆ. ಮೊದಲಿನಿಂದ ಇದೆ ಎನ್ನುವುದಕ್ಕೆ ಬದಲು ಮುಂದುವರಿದಿದೆ ಎಂದು ಬರೆದದ್ದರಲ್ಲಿ ನನ್ನ ಪ್ರಾಮಾಣಿಕತೆ ಸ್ವಲ್ಪ ಉಳಿಯಿತೆಂದು ಬಸ್ಸಿನಲ್ಲಿ ಕುಳಿತಾಗ ನನಗೆ ನಾನೇ ಹೇಳಿಕೊಂಡದ್ದೂ ನೆನಪಿದೆ. ಹೊರಡುವ ಮುಂಚೆ ಅವಳು ಕೇಳಿದಳು: "ಗುಳಿಗಿ ಬಿಡಲೇನು?"

"ಬಿಡಬ್ಯಾಡ್ರಿ ಅಕ್ಕಾ. ಪೂರಾ ಮುಗಸ್ರಿ," ಎಂದೆ.

ಅದಾಗಿ ಮೂರನೆಯ ದಿನ ಬೆಳಿಗ್ಗೆ ಅವಳ ಗಂಡ ಫೋನು ಮಾಡಿದ. ಹಿಂದಿನ ದಿನದಿಂದ ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿತ್ತು, ಆಮೇಲೆ ನಿಂತೇ ಹೋಗಿತ್ತು. ಕಾಲು ಎತ್ತಲು ಆಗುತ್ತಿರಲಿಲ್ಲ. ಅವಳನ್ನು ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದರು. "ಇಲ್ಲಿ ಡಾಕ್ಟರು ಯಾವ ಗುಳಿಗಿ ತಗೊಳ್ಳಾಕತ್ತಿದ್ರಿ ಅಂತ ಕೇಳಾಕತ್ತಾರ್ರಿ. ನಾ ಏನಂತ ಹೇಳ್ಲಿ? ನಿಮ್ಮ ಡಬ್ಬಿ ಮ್ಯಾಲ ಹೆಸರ ಇಲ್ಲ, ಬರೇ ನಂಬರ ಐತಿ."

ಡಾಕ್ಟರು ಅವತ್ತು ಧಾರವಾಡಕ್ಕೆ ಮದುವೆಗೆ ಹೋಗಿದ್ದರು. ಫೋನಿನಲ್ಲಿ ಓಲಗದ ಸದ್ದು ಕೇಳುತ್ತಿತ್ತು. ಪ್ರತಿ ರೋಗಿಯ ನಂಬರಿಗೂ ಒಂದು ಮೊಹರು ಹಾಕಿದ ಲಕೋಟೆ ನಮ್ಮ ಕಪಾಟಿನಲ್ಲಿತ್ತು. ಯಾವ ಗುಳಿಗೆ ಹೋಗಿದೆ ಎಂಬುದು ಅದರೊಳಗಿತ್ತು. ಜೀವಕ್ಕೆ ಅಪಾಯ ಬಂದರೆ ಡಾಕ್ಟರು ಅದನ್ನು ಒಡೆಯಬಹುದು ಎಂದು ನಿಯಮ.

"ಅವಸರ ಮಾಡಬ್ಯಾಡ," ಎಂದರು. "ಲಕೋಟಿ ಒಡದ್ರ ಆಕೀದು ಲೆಕ್ಕಕ್ಕ ಬರಂಗಿಲ್ಲ. ನಾ ನಾಳೆ ಬಂದು ನೋಡ್ತೀನಿ. ಗುಳಿಗಿ ನಿಲ್ಲಸ್ರಿ ಅಂತ ಹೇಳು, ಸಾಕು."

"ಅಲ್ಲಿ ಆಕಿ ಉಚ್ಚಿ ನಿಂತೈತ್ರಿ ಸರ," ಎಂದೆ. ಫೋನು ಕಟ್ಟಾಯಿತು. ಅವರೇ ಇಟ್ಟರೋ, ರೇಂಜ್ ಹೋಯಿತೋ, ಗೊತ್ತಿಲ್ಲ.

ಕಪಾಟಿನ ಕೀಲಿ ನನ್ನ ಹತ್ತಿರವೇ ಇರುತ್ತಿತ್ತು. ಲಕೋಟೆ ತೆಗೆದು ಒಡೆದೆ. ಒಳಗೆ ಒಂದು ಹಾಳೆ, ಅದರ ಮೇಲೆ ಒಂದೇ ಇಂಗ್ಲಿಷ್ ಶಬ್ದ. ಅವಳಿಗೆ ಬಂದದ್ದು ಖಾಲಿ ಗುಳಿಗೆ.

ಎರಡು ಸಲ ನಂಬರು ತಾಳೆ ನೋಡಿದೆ. ಆ ಹೊತ್ತಿನಲ್ಲಿ ನನಗಾದದ್ದು ಸಮಾಧಾನವಲ್ಲ, ನಿರಾಸೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಗುಳಿಗೆಯೇ ಅವಳನ್ನು ಕೆಡಿಸಿದೆ, ಡಾಕ್ಟರ ತಪ್ಪು ಈಗ ಎಲ್ಲರ ಮುಂದೆ ಬರುತ್ತದೆ ಎಂದು ನಾನು ಒಳಗೊಳಗೆ ಕಾದಿದ್ದೆ. ಬೆಳಗಾವಿಗೆ ಫೋನು ಮಾಡಿ ಹೇಳಿದೆ. ಅಲ್ಲಿಯ ಡಾಕ್ಟರು ಸಾವಧಾನವಾಗಿ ಕೇಳಿಸಿಕೊಂಡು, ಹಾಗಾದರೆ ಇದು ಫ್ಲೂ ವೈರಸ್ಸೇ ಖಂಡಕ್ಕೆ ಮಾಡಿದ ಹಾನಿ, ಹೀಗೂ ಆಗುತ್ತದೆ ಎಂದರು. ಆಮೇಲೆ ಒಂದು ಮಾತು ಕೇಳಿದರು: "ನೋವು ಶುರುವಾದ ದಿನ ರಕ್ತ ತೆಗೆದಿದ್ದಿರಾ? ಅವತ್ತೇ ಗೊತ್ತಾಗಿದ್ದರೆ ಸಲೈನ್ ಏರಿಸಿ ಇಷ್ಟಕ್ಕೆ ಬರದಂತೆ ನೋಡಬಹುದಿತ್ತು."

"ಇಲ್ಲ," ಎಂದೆ.

ಮರುದಿನ ನಮ್ಮ ಡಾಕ್ಟರು ಬಂದರು. ಒಡೆದ ಲಕೋಟೆ ಅವರ ಮೇಜಿನ ಮೇಲಿಟ್ಟೆ. ಬೈಯುತ್ತಾರೆಂದು ನಿಂತಿದ್ದೆ. ಅವರು ಹಾಳೆ ಓದಿ ಕುರ್ಚಿಗೆ ಒರಗಿದರು, ಮುಖ ಹಗುರಾಯಿತು.

"ನೋಡಿದಿಯಲ್ಲ? ಜ್ವರದ್ದೇ ನೋವು ಅದು. ನಾ ಹೇಳಿದ್ದೇ ಖರೆ ಆತು."

"ಅವತ್ತ ರಕ್ತ ತಗದಿದ್ರ ಮೊದಲ ಗೊತ್ತಾಗತಿತ್ತಲ್ರಿ."

"ಯಾತಕ್ಕ ತಗೀಬೇಕಿತ್ತು? ಗುಳಿಗಿದು ಏನೂ ತಪ್ಪಿಲ್ಲಲ್ಲ."

ಗುಳಿಗೆಯ ತಪ್ಪಿಲ್ಲ ಎಂದ ಮೇಲೆ ಯಾರ ತಪ್ಪೂ ಇಲ್ಲ ಎಂದಾಯಿತು. ನಾನು ಬರೆದ ಸುಳ್ಳು ನಿಜವಾಗಿಬಿಟ್ಟಿತ್ತು. ಆ ಹಾಳೆಯನ್ನು ಈಗ ಯಾರು ಓದಿದರೂ ನರ್ಸು ಸರಿಯಾಗಿಯೇ ಬರೆದಿದ್ದಾಳೆ ಎನ್ನುತ್ತಾರೆ. ಉಳಿದದ್ದು ನನ್ನ ಒಂದೇ ತಪ್ಪು: ಅನುಮತಿ ಇಲ್ಲದೆ ಲಕೋಟೆ ಒಡೆದದ್ದು. ಅದಕ್ಕಾಗಿ ನನ್ನನ್ನು ಪರೀಕ್ಷೆಯ ಕೆಲಸದಿಂದ ತೆಗೆದರು. ವಾರ್ಡಿನಲ್ಲೂ ಜಾಗ ಇಲ್ಲವೆಂದು ತಿಂಗಳ ಕೊನೆಗೆ ಹೇಳಿದರು. ಅವ್ವ ಓಣಿಯಲ್ಲಿ ಯಾರಿಗೂ ಹೇಳಲಿಲ್ಲ. ನಾನು ಕಾರ್ಡು ಮರಳಿ ಕೊಟ್ಟು ಬಂದ ದಿನ ಅವಳು ಕೇಳಿದ್ದಿಷ್ಟೇ: "ಆ ಹೆಣ್ಣಮಗಳು ಉಳದಾಳೋ ಇಲ್ಲೋ?"

ಉಳಿದಿದ್ದಳು. ಎರಡು ಸಲ ಡಯಾಲಿಸಿಸ್ ಮಾಡಿದ ಮೇಲೆ ಮೂತ್ರಪಿಂಡ ತಾನಾಗಿ ಕೆಲಸಕ್ಕೆ ಹತ್ತಿತು. ಅವಳು ಮನೆಗೆ ಬಂದು ಒಂದು ತಿಂಗಳಾದ ಮೇಲೆ ನಾನು ಸವದತ್ತಿಗೆ ಹೋದೆ. ಗಂಡ ನನ್ನನ್ನು ನೋಡಿದ್ದೇ ಗಿರಣಿಯ ಕಡೆ ನಡೆದ. ಅವಳು ಪಡಸಾಲೆಯಲ್ಲಿ ಮಂಚದ ಮೇಲಿದ್ದಳು. ಕಾಲು ಸಣ್ಣಗಾಗಿದ್ದವು. ಮಶೀನಿನ ಮೇಲೆ ಹಳೆಯ ಸೀರೆ ಮುಚ್ಚಿದ್ದರು.

"ಬೆಳಗಾವಿ ಡಾಕ್ಟರು ಹೇಳಿದ್ರು, ನನಗ ಕೊಟ್ಟಿದ್ದು ಖಾಲಿ ಗುಳಿಗಿ ಅಂತ. ಹೌದೇನು?"

"ಹೌದ್ರಿ ಅಕ್ಕಾ."

"ಒಳಗ ಏನೂ ಇರಲಿಲ್ಲ?"

"ಇರಲಿಲ್ರಿ."

"ನಾ ದಿನಾ ನೀರ ಹಿಡಕೊಂಡ, ದೇವರಿಗೆ ಕೈ ಮುಗದ ನುಂಗೀನಿ. ಕಾಲ ಏಳವಲ್ದು ಅಂದಾಗೂ ಪೂರಾ ಮುಗಸ್ರಿ ಅಂದಿ. ನೀ ಅಂದಿ ಅಂತ ನುಂಗೀನಿ." ಅವಳ ದನಿ ಏರಲಿಲ್ಲ. "ಎರಡ ನಮೂನಿ ಅಂದಿದ್ದಿ. ಒಂದ ನಮೂನಿ ಖಾಲಿ ಅಂತ ಯಾಕ ಹೇಳಲಿಲ್ಲ?"

ಹೇಳಿದ್ದರೆ ನೀವು ಸಹಿ ಮಾಡುತ್ತಿರಲಿಲ್ಲ ಎನ್ನುವುದೊಂದೇ ನನ್ನ ಬಳಿ ಇದ್ದ ನಿಜವಾದ ಉತ್ತರ. ಅದನ್ನು ಹೇಳಿದೆ.

"ಬುದ್ಧಿ ಐತಿ ನಿನಗ," ಎಂದಳು. ಅಂಥ ಬೈಗುಳವನ್ನು ನಾನು ಯಾರ ಬಾಯಲ್ಲೂ ಕೇಳಿಲ್ಲ.

ಇಂಥ ಪರೀಕ್ಷೆಗಳು ನ್ಯಾಯವಾಗಿ ನಡೆಯುತ್ತವೆಯೇ ಎಂದು ನೋಡಲು ಒಂದು ಸಮಿತಿ ಇರುತ್ತದೆ. ನಾನು ಅದಕ್ಕೆ ಪತ್ರ ಬರೆದೆ. ಖಾಲಿ ಎಂಬ ಶಬ್ದ ಬಿಡಿಸಿದ್ದು, ತೊಡೆಯ ನೋವು ಬೇರೆ ಎಂದು ಅವಳು ಹೇಳಿದರೂ ಜ್ವರದ್ದೆಂದು ನಾನೇ ನನ್ನ ಕೈಯಾರೆ ಬರೆದದ್ದು, ಚೀಲದಲ್ಲಿ ಸೂಜಿ ಇದ್ದೂ ರಕ್ತ ತೆಗೆಯದೆ ಬಂದದ್ದು, ಎಲ್ಲವನ್ನೂ ಬರೆದೆ. ನನ್ನ ಹೆಸರನ್ನೇ ಹಾಕಿದೆ. ಬರೆದಾದ ಮೇಲೆ ಇನ್ನು ನನಗೆ ಎಲ್ಲೂ ನರ್ಸ್ ಕೆಲಸ ಸಿಗಲಿಕ್ಕಿಲ್ಲ ಎಂದುಕೊಂಡೆ, ಅದೂ ಹಾಗಾಗಲಿಲ್ಲ. ನನ್ನ ಪತ್ರ ಅಷ್ಟು ದೂರ ಮುಟ್ಟುವಂಥದ್ದೇ ಆಗಿರಲಿಲ್ಲ. ರಾಮದುರ್ಗದ ಒಂದು ಸಣ್ಣ ರಕ್ತಪರೀಕ್ಷೆ ಕೇಂದ್ರದಲ್ಲಿ ರಕ್ತ ತೆಗೆಯುವ ಕೆಲಸ ಸಿಕ್ಕಿತು. ಈಗಲೂ ಅಲ್ಲಿದ್ದೇನೆ. ಯಾರಾದರೂ ತೊಡೆ ನೋವು ಎಂದರೆ, ಚೀಟಿಯಲ್ಲಿ ಖಂಡದ ಪರೀಕ್ಷೆ ಬರೆಯದಿದ್ದರೂ, ಮಾಡಲೇ ಎಂದು ಡಾಕ್ಟರಿಗೆ ಫೋನು ಮಾಡಿ ಕೇಳುತ್ತೇನೆ. ಕೆಲವು ಡಾಕ್ಟರಿಗೆ ಸಿಟ್ಟು ಬರುತ್ತದೆ.

ಸಮಿತಿಯ ಉತ್ತರ ಬಹಳ ದಿನ ಬಿಟ್ಟು ಬಂತು. ನಾಲ್ಕು ಸಾಲಿತ್ತು. ಸದರಿ ರೋಗಿಗೆ ಪರೀಕ್ಷೆಯ ಔಷಧ ಕೊಟ್ಟಿರಲಿಲ್ಲವಾದ್ದರಿಂದ ಆಕೆಗಾದ ತೊಂದರೆಗೂ ಪರೀಕ್ಷೆಗೂ ಸಂಬಂಧವಿಲ್ಲ, ಪ್ರಕರಣ ಮುಗಿದಿದೆ ಎಂದಿತ್ತು. ನಾನು ಗುಳಿಗೆಯ ಮೇಲೆ ದೂರು ಬರೆದಿರಲೇ ಇಲ್ಲ.

ಅಷ್ಟರಲ್ಲಿ ಪರೀಕ್ಷೆಯೂ ನಿಂತುಹೋಗಿತ್ತು. ಆ ಆಸ್ಪತ್ರೆಯ ಆಯಾ ಒಬ್ಬಳು ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಹೇಳಿದಳು: ಬೇಕಾದಷ್ಟು ರೋಗಿಗಳು ಸಿಗಲಿಲ್ಲವಂತೆ, ಬೆಂಗಳೂರಿನವರು ಬಂದು ಕಪಾಟು ಖಾಲಿ ಮಾಡಿಕೊಂಡು ಹೋದರಂತೆ. ಕೊಲೆಸ್ಟ್ರಾಲಿನ ಗುಳಿಗೆ ಫ್ಲೂಗೆ ನಾಟುತ್ತದೋ ಇಲ್ಲವೋ, ನಮ್ಮ ಕಡೆಯಿಂದ ಯಾರಿಗೂ ತಿಳಿಯಲಿಲ್ಲ. ಸಹಿ ಮಾಡಿದವರಿಗೆ, ಹೆಬ್ಬೆಟ್ಟು ಒತ್ತಿದವರಿಗೆ ಒಂದು ಫೋನೂ ಹೋಗಲಿಲ್ಲ. ಕಟಕೋಳದ ಒಬ್ಬ ಮುದುಕ ನನ್ನನ್ನು ಹುಡುಕಿಕೊಂಡು ರಾಮದುರ್ಗಕ್ಕೆ ಬಂದಿದ್ದ. ಆ ಗುಳಿಗೆಯಿಂದಲೇ ತಾನು ಬದುಕಿದೆನೆಂದು ಅವನ ನಂಬಿಕೆ. ಈಗ ಹೆಂಡತಿಗೆ ಜ್ವರ ಬಂದಿತ್ತು, ಅದೇ ಗುಳಿಗೆ ಬೇಕಿತ್ತು. "ನಿಮಗ ಯಾವುದ ಕೊಟ್ಟಿದ್ವಿ ನನಗ ಗೊತ್ತಿಲ್ರಿ ಅಜ್ಜಾ," ಎಂದರೆ ಅವನು ನಂಬಲಿಲ್ಲ. ಕೆಲಸ ಹೋದ ಸಿಟ್ಟಿಗೆ ಕೊಡುವುದಿಲ್ಲ ಎನ್ನುತ್ತಿದ್ದಾಳೆ ಎಂದುಕೊಂಡು ಹೋದ. ಹೋಗುವಾಗ ಬೇಗ ದವಾಖಾನೆಗೆ ತೋರಿಸಿರಿ ಎಂದು ಹಿಂದೆಯೇ ಕೂಗಿ ಹೇಳಿದೆ.

ಸಮಿತಿಯ ಉತ್ತರ ಹಿಡಿದುಕೊಂಡು ಕಳೆದ ಬೇಸಿಗೆಯಲ್ಲಿ ಮತ್ತೊಮ್ಮೆ ಸವದತ್ತಿಗೆ ಹೋದೆ. ಅದು ಅವಳ ವಿಷಯ, ಅವಳಿಗೆ ತಿಳಿಯಬೇಕು ಎನಿಸಿತ್ತು. ಅವಳು ಮತ್ತೆ ಹೊಲಿಯುತ್ತಿದ್ದಳು. ಮಶೀನಿಗೆ ಮೋಟರು ಕೂಡಿಸಿದ್ದರು, ಕಾಲು ತುಳಿಯಬೇಕಾಗಿರಲಿಲ್ಲ. ಏಳುವಾಗ ಈಗಲೂ ಗೋಡೆ ಹಿಡಿಯುತ್ತಿದ್ದಳು. ಕುಳಿತುಕೋ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ನಿಂತೇ ಆ ನಾಲ್ಕು ಸಾಲನ್ನು ನಮ್ಮ ಮಾತಿನಲ್ಲಿ ಓದಿ ಹೇಳಿದೆ. ಈ ಸಲ ಒಂದು ಶಬ್ದವನ್ನೂ ಬಿಡಲಿಲ್ಲ.

ಅವಳು ಮೋಟರು ನಿಲ್ಲಿಸಿ ಕೇಳಿದಳು. ಆಮೇಲೆ ಕೈ ಚಾಚಿ ಕಾಗದ ಇಸಿದುಕೊಂಡು ತಿರುಗಿಸಿ ನೋಡಿದಳು.

"ಇದರಾಗ ನನ್ನ ಹೆಸರ ಎಲ್ಲೈತಿ?"

"ಹೆಸರ ಬರಿಯೂದಿಲ್ರಿ ಅಕ್ಕಾ. ನಂಬರ ಐತಿ."

"ನಾ ಕೂಡಿಸಿ ಕೂಡಿಸಿ ಹೆಸರ ಬರದಿದ್ದೆ," ಎಂದಳು. ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟಳು. "ಮತ್ತ ಬರಬ್ಯಾಡ ತಂಗಿ. ನೀ ಬಂದ್ರ ಇವರಿಗೆ ಸಿಟ್ಟ ಬರತೈತಿ. ನನಗೂ ಆ ದಿನ ಪೂರ್ತಿ ಕೆಲಸ ಮಾಡಾಕ ಆಗೂದಿಲ್ಲ."

ಹೋಗಿಲ್ಲ. ಸವದತ್ತಿಯ ಮೇಲೆ ಹಾದು ಹೋಗುವ ಬಸ್ಸಿನಲ್ಲಿ ತಿಂಗಳಿಗೆ ಎರಡು ಸಲ ಅವ್ವನನ್ನು ನೋಡಲು ಬೈಲಹೊಂಗಲಕ್ಕೆ ಹೋಗುತ್ತೇನೆ, ದಾರಿಯಲ್ಲಿ ಇಳಿಯುವುದಿಲ್ಲ.